ಕೆಂಪಾದ ಕಡಲು, ಸತ್ತ ತಿಮಿಂಗಿಲ: ಫೋಟೊ ನಿಜ, ಅದರ ಜೊತೆಗಿನ ಬರಹ ನಿಜವೇ?

ಒಂಟಿಕೊಪ್ಪಲ್‌ನ ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಮೂರೇ ಬಗೆಯ ಸಂದೇಶ: ಪಂಚಾಂಗದ ಪುಟ, ನಲ್ಲಿಯಲ್ಲಿ ನೀರು ಬಂದಿಲ್ಲವೆಂಬ ದೂರು, ಹೂವಿನ ಜೊತೆ ಶುಭೋದಯ. ಇವುಗಳ ನಡುವೆ ಒಂದು ಬೆಳಿಗ್ಗೆ ಬೇರೊಂದು ಫೋಟೊ ಬಂತು. ಸಣ್ಣ ಕೊಲ್ಲಿಯೊಂದರ ನೀರೆಲ್ಲ ರಕ್ತದಿಂದ ಕೆಂಪಾಗಿದೆ. ದಡದುದ್ದಕ್ಕೂ ಕಪ್ಪಗೆ ಹೊಳೆಯುವ ದೊಡ್ಡ ದೊಡ್ಡ ಪ್ರಾಣಿಗಳು ಸತ್ತು ಬಿದ್ದಿವೆ. ಸೊಂಟದವರೆಗಿನ ನೀರಿನಲ್ಲಿ ಜನ ನಿಂತಿದ್ದಾರೆ.

ಕೆಳಗಿನ ಬರಹದ ಸಾರಾಂಶ ಇಷ್ಟು. ಡೆನ್ಮಾರ್ಕ್‌ನಲ್ಲಿ ಹುಡುಗರು ತಾವು ಗಂಡಸರಾದೆವೆಂದು ತೋರಿಸಿಕೊಳ್ಳಲು ಅಳಿವಿನಂಚಿನಲ್ಲಿರುವ 'ಕಾಲ್ಡೆರಾನ್ ಡಾಲ್ಫಿನ್'ಗಳನ್ನು ಕಡಿದು ಕೊಲ್ಲುತ್ತಾರೆ, ಹೃದಯವಿದ್ದರೆ ಎಲ್ಲರಿಗೂ ಕಳಿಸಿ. ಎದುರು ಮನೆಯ ನಿವೃತ್ತ ಮೇಷ್ಟ್ರು ಫೋನ್ ಮಾಡಿ, "ಏನಪ್ಪಾ, ಇದು ನಿಜವೇನೋ? ನಮ್ಮನೆಯವರು ನೋಡಿ ತಿಂಡಿಯನ್ನೇ ಬಿಟ್ಟರು" ಎಂದರು.

ಮೇಷ್ಟ್ರಿಗೆ ಹೇಳಿದ ಚಿಕ್ಕ ಉತ್ತರ: ಫೋಟೊ ನಿಜ ಸಾರ್, ಬರಹದಲ್ಲಿ ಹೆಚ್ಚಿನದು ತಪ್ಪು. ಉದ್ದದ ಉತ್ತರ ಇಲ್ಲಿದೆ.

ಫಾರ್ವರ್ಡ್‌ನಲ್ಲಿ ಏನು ತಪ್ಪು?

ಈ ಬರಹ ವಾಟ್ಸ್ಆ್ಯಪ್‌ಗಿಂತ ಹಳೆಯದು. ಇಮೇಲ್‌ಗಳನ್ನು ಸರಪಳಿಯಂತೆ ಕಳಿಸುತ್ತಿದ್ದ ಕಾಲದಿಂದಲೂ ಸುತ್ತುತ್ತಿದೆ. ಮೊದಲನೆಯದಾಗಿ, ಕಾಲ್ಡೆರಾನ್ ಡಾಲ್ಫಿನ್ ಎಂಬ ಜೀವಿಯೇ ಇಲ್ಲ. ಕಾಲ್ಡೆರಾನ್ ಎಂಬುದು ಪೈಲಟ್ ತಿಮಿಂಗಿಲಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿರುವ ಹೆಸರು. ಆ ಭಾಷೆಯಿಂದ ಅನುವಾದವಾಗುವಾಗ ಹೆಸರು ಹಾಗೇ ಉಳಿದು ಹೊಸದೊಂದು ಪ್ರಾಣಿ ಹುಟ್ಟಿಕೊಂಡಿರಬೇಕು.

ಜಾಗ ಡೆನ್ಮಾರ್ಕ್ ಅಲ್ಲ, ಫ್ಯಾರೋ ದ್ವೀಪಗಳು. ನಾರ್ವೆ, ಐಸ್‌ಲ್ಯಾಂಡ್ ಮತ್ತು ಸ್ಕಾಟ್ಲೆಂಡ್‌ಗಳ ನಡುವೆ ಅಟ್ಲಾಂಟಿಕ್ ಸಾಗರದಲ್ಲಿರುವ 18 ದ್ವೀಪಗಳು, ಜನಸಂಖ್ಯೆ ಸುಮಾರು 54 ಸಾವಿರ. ಡೆನ್ಮಾರ್ಕ್ ರಾಜಪ್ರಭುತ್ವದ ಭಾಗವಾದರೂ ಅಲ್ಲಿ ಸ್ವಂತ ಸರ್ಕಾರವಿದೆ, ಬೇಟೆಯ ಕಾನೂನು ಆ ಸರ್ಕಾರದ್ದೇ. ಆದರೆ ಡೆನ್ಮಾರ್ಕ್‌ಗೆ ಸಂಬಂಧವೇ ಇಲ್ಲ ಎಂದೂ ಹೇಳಲಾಗದು. 2014ರಲ್ಲಿ ಬೇಟೆ ತಡೆಯಲು ಬಂದ ಹೋರಾಟಗಾರರ ವಿರುದ್ಧ ಡೆನ್ಮಾರ್ಕ್ ನೌಕಾಪಡೆ ದ್ವೀಪದ ಪೊಲೀಸರಿಗೆ ನೆರವಾಯಿತು.

'ಗಂಡಸುತನದ ಪರೀಕ್ಷೆ' ಎಂಬುದು ಶುದ್ಧ ಕಟ್ಟುಕಥೆ. ಇದು ಮಾಂಸಕ್ಕಾಗಿ ನಡೆಯುವ ಬೇಟೆ. 1584ರಷ್ಟು ಹಿಂದಿನ ದಾಖಲೆ ಇದೆ. ತಿಮಿಂಗಿಲಗಳ ಹಿಂಡು ಕಂಡರೆ ದೋಣಿಗಳು ಅರ್ಧಚಂದ್ರಾಕಾರದಲ್ಲಿ ಸುತ್ತುವರಿದು ಅವನ್ನು ಗೊತ್ತುಪಡಿಸಿದ ಕೊಲ್ಲಿಗೆ ಅಟ್ಟುತ್ತವೆ. ದಡದಲ್ಲಿರುವವರು ತಲೆಯ ಮೇಲಿನ ಉಸಿರಾಟದ ರಂಧ್ರಕ್ಕೆ ಮೊಂಡು ಕೊಕ್ಕೆ ಹಾಕಿ ಎಳೆದು, ಈಟಿಯಂಥ ಸಾಧನದಿಂದ ಕತ್ತಿನ ಹಿಂದೆ ಬೆನ್ನುಹುರಿಯನ್ನು ಕತ್ತರಿಸುತ್ತಾರೆ. ಇದಕ್ಕೆ ತರಬೇತಿ ಪಡೆದಿರಬೇಕೆಂಬ ನಿಯಮ 2015ರಿಂದ ಇದೆ. ದೊಡ್ಡ ರಕ್ತನಾಳಗಳು ತುಂಡಾಗುವುದರಿಂದ ಆಳವಿಲ್ಲದ ನೀರು ಕೆಂಪಾಗುತ್ತದೆ. ಮಾಂಸವನ್ನು ಹೆಚ್ಚಾಗಿ ಊರಿನವರೇ ಪಾಲು ಹಾಕಿಕೊಳ್ಳುತ್ತಾರೆ.

ಇನ್ನು ಅಳಿವಿನಂಚು. ಸರಾಸರಿ ವರ್ಷಕ್ಕೆ ಸುಮಾರು 800 ಪೈಲಟ್ ತಿಮಿಂಗಿಲಗಳು ಅಲ್ಲಿ ಸಾಯುತ್ತವೆ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಅವುಗಳ ಸಂಖ್ಯೆ ಲಕ್ಷಗಳಲ್ಲಿದೆ. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಪ್ರಭೇದವನ್ನು ಅತಿ ಕಡಿಮೆ ಕಾಳಜಿಯ ವರ್ಗಕ್ಕೆ ಸೇರಿಸಿದ್ದಾರೆ.

ಹಾಗಾದರೆ ವಿರೋಧಕ್ಕೆ ಅರ್ಥವಿಲ್ಲವೇ?

ಇದೆ. ಆದರೆ ವಿರೋಧಿಸುವವರು ತಪ್ಪು ಮಾಹಿತಿ ಹಿಡಿದು ಹೋದರೆ ಅದರ ಲಾಭ ಬೇಟೆಯವರಿಗೆ. ಅಳಿದು ಹೋಗುತ್ತಿವೆ ಎಂದವರಿಗೆ ದ್ವೀಪದವರು ಸಂಖ್ಯೆ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ನಿಜವಾದ ಪ್ರಶ್ನೆ ಬೇರೆ, ಅದಕ್ಕೆ ಅಷ್ಟು ಸುಲಭದ ಉತ್ತರ ಅವರ ಬಳಿಯೂ ಇಲ್ಲ. ಪೈಲಟ್ ತಿಮಿಂಗಿಲಗಳು ತಾಯಿ, ಮಕ್ಕಳು, ಅಜ್ಜಿ ಎಲ್ಲ ಒಟ್ಟಿಗಿರುವ ಕುಟುಂಬಗಳು. ಒಂದೊಂದರ ಸಾವು ಕೆಲವು ಸೆಕೆಂಡಿನದೇ ಆಗಿರಬಹುದು, ಆದರೆ ಹಿಂಡಿನ ಕೊನೆಯದು ಮಿಕ್ಕವುಗಳ ರಕ್ತದಲ್ಲೇ ತನ್ನ ಸರದಿಗೆ ಕಾಯುತ್ತದೆ. 2021ರ ಸೆಪ್ಟೆಂಬರ್ 12ರಂದು ಒಂದೇ ಕೊಲ್ಲಿಯಲ್ಲಿ 1,428 ಡಾಲ್ಫಿನ್‌ಗಳನ್ನು ಕೊಂದಾಗ ಬೇಟೆಯ ಪರವಾಗಿದ್ದ ದ್ವೀಪವಾಸಿಗಳಲ್ಲೇ ಅನೇಕರು ಇದು ಅತಿಯಾಯಿತೆಂದರು. ಮರುವರ್ಷ ಸರ್ಕಾರ ಆ ಜಾತಿಯ ಡಾಲ್ಫಿನ್‌ಗೆ ವರ್ಷಕ್ಕೆ 500ರ ಮಿತಿ ಹಾಕಿತು.

ದ್ವೀಪದವರ ಮಾತೂ ಕೇಳಿ. ಕಲ್ಲು, ಹುಲ್ಲು, ಗಾಳಿ ಬಿಟ್ಟರೆ ನಮ್ಮಲ್ಲಿ ಬೆಳೆಯುವುದು ಅಷ್ಟಕ್ಕಷ್ಟೆ. ಈ ಪ್ರಾಣಿ ಜೀವನವಿಡೀ ಸಮುದ್ರದಲ್ಲಿ ಸ್ವತಂತ್ರವಾಗಿ ಈಜಿ ಒಂದು ದಿನ ಸಾಯುತ್ತದೆ. ನಿಮ್ಮ ಕೋಳಿ ಅಂಗೈಯಗಲದ ಗೂಡಿನಲ್ಲಿ ಬೆಳೆದು, ಕಾಣದ ಕಡೆ ಸಾಯುತ್ತದೆ. ನಮ್ಮ ರಕ್ತ ಕಾಣಿಸುತ್ತದೆ, ನಿಮ್ಮದು ಕಾಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಹೊರಗಿನಿಂದ ಬಂದು ನಮಗೆ ಪಾಠ ಹೇಳಲು ನೀವು ಯಾರು?

ಈ ಕೊನೆಯ ಸಾಲು ಎಲ್ಲೋ ಕೇಳಿದಂತಿದೆಯಲ್ಲವೇ? ಕಂಬಳ ನಿಂತಾಗ ಕರಾವಳಿಯಲ್ಲಿ ಕೇಳಿದ್ದು ಇದೇ ಮಾತು. 2016ರಲ್ಲಿ ಹೈಕೋರ್ಟ್ ತಡೆ, 2017ರಲ್ಲಿ ರಾಜ್ಯದ ತಿದ್ದುಪಡಿ, ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳದಲ್ಲಿ ಕೋಣವನ್ನು ಕೊಲ್ಲುವುದಿಲ್ಲ, ಆದ್ದರಿಂದ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಹೊರಗಿನವರ ಬೆರಳು ನಮ್ಮ ಕಡೆ ತಿರುಗಿದಾಗ ಎಷ್ಟು ಕೋಪ ಬರುತ್ತದೆಂದು ನಮಗೆ ಗೊತ್ತು. ಸಂಪ್ರದಾಯವೆಂದ ಮಾತ್ರಕ್ಕೆ ಎಂದೆಂದಿಗೂ ಉಳಿಯುವುದಿಲ್ಲ ಎಂಬುದೂ ಮೈಸೂರಿನವರಿಗೆ ಗೊತ್ತು: ಕಾಕನಕೋಟೆಯ ಖೆಡ್ಡಾ ಒಂದು ಕಾಲಕ್ಕೆ ದೇಶವಿದೇಶದ ಅತಿಥಿಗಳು ಬಂದು ನೋಡುತ್ತಿದ್ದ ಸಂಭ್ರಮ, 1971ರಲ್ಲಿ ಕೊನೆಯದು ನಡೆಯಿತು.

ಬೇಟೆಗೆ ಪೆಟ್ಟು ಕೊಟ್ಟ ವೈದ್ಯರು

ಫ್ಯಾರೋ ಬೇಟೆಯ ಬಗ್ಗೆ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ. ಪೈಲಟ್ ತಿಮಿಂಗಿಲ ಆಹಾರ ಸರಪಳಿಯ ಮೇಲ್ತುದಿಯಲ್ಲಿದೆ. ಕಾರ್ಖಾನೆಗಳಿಂದ ಹೊರಟ ಪಾದರಸ ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನು ಮತ್ತು ಸ್ಕ್ವಿಡ್‌ಗೆ, ಅಲ್ಲಿಂದ ತಿಮಿಂಗಿಲಕ್ಕೆ ಸೇರುತ್ತಾ ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚಾಗುತ್ತದೆ. 1980ರ ದಶಕದಲ್ಲಿ ದ್ವೀಪದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಹೊಟ್ಟೆಯಲ್ಲಿದ್ದಾಗ ಹೆಚ್ಚು ಪಾದರಸಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಗಮನ, ನೆನಪು, ಭಾಷೆಯ ಪರೀಕ್ಷೆಗಳಲ್ಲಿ ಹಿನ್ನಡೆ ಕಂಡುಬಂತು. 2008ರಲ್ಲಿ ದ್ವೀಪದ ವೈದ್ಯರಾದ ಪಾಲ್ ವೈಹೆ ಮತ್ತು ಹೋಗ್ನಿ ಡೆಬೆಸ್ ಯೋನ್‌ಸೆನ್, ಪೈಲಟ್ ತಿಮಿಂಗಿಲವನ್ನು ಇನ್ನು ಮನುಷ್ಯರು ತಿನ್ನಬಾರದೆಂದೇ ಹೇಳಿಬಿಟ್ಟರು.

ಇವರು ಹೊರಗಿನಿಂದ ಬಂದು ಪಾಠ ಹೇಳಿದವರಲ್ಲ, ಅದೇ ಮಣ್ಣಿನವರು. ಬೇಟೆ ನಿಂತಿಲ್ಲ, ನಿಜ. ಆದರೆ 'ನಮ್ಮ ಆಹಾರ' ಎಂಬ ವಾದದ ಬುಡವೇ ಅಲುಗಾಡಿದ್ದು ಇವರಿಂದ.

ದೊಡ್ಡ ಹಡಗುಗಳ ಬೇಟೆ

ಫ್ಯಾರೋದ ಬೇಟೆ ದಡದ ಬೇಟೆ. ನಡುಸಮುದ್ರದ ಕಥೆ ಬೇರೆಯೇ. ಯಂತ್ರದ ಹಡಗು ಮತ್ತು ಸ್ಫೋಟಕ ಈಟಿ ಬಂದ ಮೇಲೆ 20ನೇ ಶತಮಾನವೊಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳು ಸತ್ತವು. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲ ನೂರರಲ್ಲಿ ಒಂದೂ ಉಳಿಯಲಿಲ್ಲ. 1946ರ ಒಪ್ಪಂದದಿಂದ ಹುಟ್ಟಿದ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ 1982ರಲ್ಲಿ ವಾಣಿಜ್ಯ ಬೇಟೆಗೆ ತಡೆ ಹಾಕಲು ನಿರ್ಧರಿಸಿತು, ಅದು 1986ರಿಂದ ಜಾರಿಯಲ್ಲಿದೆ. 1981ರಲ್ಲಿ ಸದಸ್ಯನಾದ ಭಾರತ ತಡೆಯ ಪರವಾಗಿದೆ. ಅಲಾಸ್ಕ, ಗ್ರೀನ್‌ಲ್ಯಾಂಡ್‌ಗಳ ಮೂಲನಿವಾಸಿಗಳು ಹೊಟ್ಟೆಪಾಡಿಗಾಗಿ ನಡೆಸುವ ಬೇಟೆಗೆ ವಿನಾಯಿತಿ ಉಂಟು.

ನಾರ್ವೆ ಈ ತಡೆಗೆ ಆಕ್ಷೇಪ ಸಲ್ಲಿಸಿ 1993ರಿಂದ ಬೇಟೆ ಮುಂದುವರಿಸಿದೆ. ನಮ್ಮ ಸಮುದ್ರದಲ್ಲಿ ಮಿಂಕಿ ತಿಮಿಂಗಿಲ ಲಕ್ಷಕ್ಕೂ ಹೆಚ್ಚಿವೆ, ನಾವು ಹಿಡಿಯುವುದು ಕೆಲವು ನೂರು ಎಂಬುದು ಅವರ ವಾದ. ಐಸ್‌ಲ್ಯಾಂಡ್‌ನಲ್ಲಿ ಈಟಿ ತಗುಲಿದ ಕೆಲವು ತಿಮಿಂಗಿಲಗಳು ಸಾಯಲು ಎರಡು ಗಂಟೆಯವರೆಗೆ ಒದ್ದಾಡಿದವೆಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ವರದಿ ಕೊಟ್ಟಿತು. 2023ರಲ್ಲಿ ಸಚಿವೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಟೆ ನಿಲ್ಲಿಸಿದರು.

ಹೆಚ್ಚು ಜಗಳ ನಡೆದದ್ದು ಜಪಾನ್ ಜೊತೆ. 'ವೈಜ್ಞಾನಿಕ ಸಂಶೋಧನೆ' ಎಂಬ ಹೆಸರಿನಲ್ಲಿ ಅದು ಅಂಟಾರ್ಕ್ಟಿಕದಲ್ಲಿ ತಿಮಿಂಗಿಲ ಕೊಂದು ಮಾಂಸವನ್ನು ಮಾರುಕಟ್ಟೆಗೆ ಬಿಡುತ್ತಿತ್ತು. ಆಸ್ಟ್ರೇಲಿಯಾ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2005ರಿಂದ ಸುಮಾರು 3,600 ಮಿಂಕಿ ತಿಮಿಂಗಿಲಗಳನ್ನು ಕೊಂದರೂ ಬಂದ ವೈಜ್ಞಾನಿಕ ಫಲ ಅಲ್ಪವೆಂದು ಗಮನಿಸಿದ ನ್ಯಾಯಾಲಯ 2014ರ ಮಾರ್ಚ್ 31ರಂದು ಜಪಾನ್ ವಿರುದ್ಧ ತೀರ್ಪು ಕೊಟ್ಟಿತು. ಬಹುಮತದ 12 ನ್ಯಾಯಾಧೀಶರಲ್ಲಿ ಭಾರತದ ದಲವೀರ್ ಭಂಡಾರಿಯವರೂ ಇದ್ದರು. ಜಪಾನ್ 2019ರ ಜೂನ್ 30ಕ್ಕೆ ಆಯೋಗವನ್ನೇ ಬಿಟ್ಟಿತು. ಮಾರನೇ ದಿನದಿಂದ ತನ್ನದೇ ಸಮುದ್ರದಲ್ಲಿ ಬಹಿರಂಗವಾಗಿ ಬೇಟೆ ಶುರುಮಾಡಿತು, ಅಂಟಾರ್ಕ್ಟಿಕದಿಂದ ಹಿಂದೆ ಸರಿಯಿತು. ಯುದ್ಧಾನಂತರದ ಹಸಿವಿನ ದಿನಗಳಲ್ಲಿ ಅಲ್ಲಿನ ಶಾಲೆಯ ಊಟದಲ್ಲಿ ತಿಮಿಂಗಿಲ ಮಾಂಸ ಇರುತ್ತಿತ್ತು. ಇಂದಿನ ಜಪಾನಿಯರಲ್ಲಿ ಬಹಳಷ್ಟು ಜನ ಅದನ್ನು ತಿನ್ನುವುದೇ ಅಪರೂಪ. ಹಾಗಿದ್ದೂ ಬೇಟೆ ನಡೆಯುವುದಕ್ಕೆ, ಹೊರಗಿನವರ ಮಾತಿಗೆ ಮಣಿಯಬಾರದೆಂಬ ಹಟವೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಹಡಗಿಗೆ ಅಡ್ಡ ನಿಂತವರು

ಆ ಹಟ ಬೆಳೆದದ್ದರಲ್ಲಿ ಹೋರಾಟಗಾರರ ಪಾಲೂ ಇದೆ. ಎಲ್ಲ ಹೋರಾಟಗಾರರೂ ಒಂದೇ ಅಲ್ಲ. 1970ರ ದಶಕದಲ್ಲಿ ಗ್ರೀನ್‌ಪೀಸ್‌ನವರು ಈಟಿ ಮತ್ತು ತಿಮಿಂಗಿಲದ ನಡುವೆ ಸಣ್ಣ ದೋಣಿ ನಿಲ್ಲಿಸಿ ಚಿತ್ರ ತೆಗೆದು ಜಗತ್ತಿಗೆ ತೋರಿಸಿದರು. ಇದು ಸಾಲದೆಂದ ಪಾಲ್ ವಾಟ್ಸನ್ 1977ರಲ್ಲಿ ಅವರಿಂದ ದೂರವಾಗಿ ಕಟ್ಟಿದ್ದು ಸೀ ಶೆಫರ್ಡ್. 1986ರಲ್ಲಿ ಆ ಸಂಸ್ಥೆಯವರು ಐಸ್‌ಲ್ಯಾಂಡ್ ಬಂದರಿನಲ್ಲಿ ಎರಡು ಬೇಟೆ ಹಡಗುಗಳಿಗೆ ನೀರು ನುಗ್ಗಿಸಿ ಮುಳುಗಿಸಿದರು. ಅಂಟಾರ್ಕ್ಟಿಕದಲ್ಲಿ ಜಪಾನ್ ಹಡಗುಗಳ ಮೇಲೆ ದುರ್ನಾತದ ಆಮ್ಲದ ಬಾಟಲಿ ಎಸೆದರು, ಚಕ್ರಕ್ಕೆ ಸಿಕ್ಕಿಕೊಳ್ಳುವಂತೆ ಹಗ್ಗ ಬಿಟ್ಟರು. 2010ರಲ್ಲಿ ಡಿಕ್ಕಿಯೊಂದರಲ್ಲಿ ಅವರ ಪರವಾದ ದೋಣಿಯೇ ಮುರಿದು ಮುಳುಗಿತು.

ಅಭಿಮಾನಿಗಳಿಗೆ ಅವರು ವೀರರು. 2013ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಮಾತ್ರ, ಹಣದಾಸೆ ಇಲ್ಲದಿದ್ದರೂ ಇಂಥ ಕೆಲಸ ಕಡಲ್ಗಳ್ಳತನವೇ ಎಂದಿತು. ಜಪಾನ್‌ನ ಕೋರಿಕೆಯಂತೆ ವಾಟ್ಸನ್‌ರನ್ನು 2024ರ ಜುಲೈ 21ರಂದು ಗ್ರೀನ್‌ಲ್ಯಾಂಡ್‌ನಲ್ಲಿ ಬಂಧಿಸಿದರು. ಡೆನ್ಮಾರ್ಕ್ ಅವರನ್ನು ಜಪಾನ್‌ಗೆ ಒಪ್ಪಿಸದೆ ಡಿಸೆಂಬರ್ 17ರಂದು ಬಿಡುಗಡೆ ಮಾಡಿತು. ಫಾರ್ವರ್ಡ್‌ನಲ್ಲಿ ಖಳನಾಯಕನಾಗಿರುವುದೂ ಇದೇ ಡೆನ್ಮಾರ್ಕ್.

ನಮ್ಮ ಸಮುದ್ರದಲ್ಲಿ ಏನಾಯಿತು?

ಇದೆಲ್ಲ ಎಲ್ಲೋ ದೂರದ ಸಂಗತಿ ಎಂದುಕೊಳ್ಳುವ ಹಾಗಿಲ್ಲ. 1966ರ ನವೆಂಬರ್‌ನಲ್ಲಿ ಸೋವಿಯತ್ ಬೇಟೆ ಹಡಗುಗಳು ನಮ್ಮ ಅರಬ್ಬಿ ಸಮುದ್ರದಲ್ಲೇ, ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕರಾವಳಿಯಾಚೆ, 238 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಲೆಕ್ಕವನ್ನು ಮುಚ್ಚಿಟ್ಟಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ವಿಜ್ಞಾನಿಗಳೇ ಹಳೆಯ ದಾಖಲೆ ಹೊರಗೆಳೆದು ಸತ್ಯ ಹೇಳಿದರು. ಅರಬ್ಬಿ ಸಮುದ್ರದ ಈ ಗೂನುಬೆನ್ನಿನ ತಿಮಿಂಗಿಲಗಳು ಬೇರೆಡೆಯವುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ಕಡೆ ನಡೆದ ಎಣಿಕೆಯಲ್ಲಿ ಸಿಕ್ಕ ಅಂದಾಜು ನೂರಕ್ಕಿಂತ ಕಡಿಮೆ. ಅಳಿವಿನಂಚು ಎಂಬ ಮಾತು ನಿಜವಾಗಿ ಸಲ್ಲುವುದು ಇವಕ್ಕೆ, ಫಾರ್ವರ್ಡ್ ಬರುವುದು ಪೈಲಟ್ ತಿಮಿಂಗಿಲದ್ದು!

1979ರಲ್ಲಿ ಸೇಶೆಲ್ಸ್ ಎಂಬ ಪುಟ್ಟ ದೇಶದ ಪ್ರಸ್ತಾವದಿಂದ ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಧಾಮವಾಯಿತು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಅದೇ ಕಾಯ್ದೆಯಿಂದಾಗಿ 'ತಿಮಿಂಗಿಲ ವಾಂತಿ' ಎಂದು ಸುದ್ದಿಯಲ್ಲಿ ಬರುವ ಅಂಬರ್‌ಗ್ರಿಸ್ ಇಟ್ಟುಕೊಳ್ಳುವುದು, ಮಾರುವುದು ಎರಡೂ ಅಪರಾಧ. ಅಂದಹಾಗೆ ಅದು ವಾಂತಿಯಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಸ್ಕ್ವಿಡ್‌ನ ಗಟ್ಟಿ ಕೊಕ್ಕುಗಳ ಸುತ್ತ ಬೆಳೆಯುವ ಗಡ್ಡೆ. ಕೋಟಿ ಬೆಲೆಯ ಗಡ್ಡೆ ಅಗ್ಗಕ್ಕೆ ಕೊಡುತ್ತೇವೆಂಬ ಸಂದೇಶ ಬಂದರೆ ಪೊಲೀಸರಿಗೆ ತಿಳಿಸಿ, ಗುಂಪಿಗೆ ಹಾಕಬೇಡಿ.

ಗುಜರಾತ್ ಕರಾವಳಿಯ ಉದಾಹರಣೆಯನ್ನೂ ಹೇಳಬೇಕು. ವೇಲ್ ಶಾರ್ಕ್ ತಿಮಿಂಗಿಲವಲ್ಲ, ಮೀನು, ಜಗತ್ತಿನ ಅತಿ ದೊಡ್ಡ ಮೀನು. ದೋಣಿಗೆ ಬಳಿಯುವ ಎಣ್ಣೆಗಾಗಿ, ಆಮೇಲೆ ರಫ್ತಿಗಾಗಿ ಅಲ್ಲಿ ಅದನ್ನು ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಆ ಬೇಟೆಯನ್ನು ದೇಶಕ್ಕೆ ತೋರಿಸಿತು, 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಆದರೂ ಮೀನುಗಾರರ ಮನಸ್ಸು ತಿರುಗಿದ್ದು 2004ರಲ್ಲಿ ಕಥಾಕಾರ ಮೊರಾರಿ ಬಾಪು, ಇದು ಬಾಣಂತನಕ್ಕೆ ತವರಿಗೆ ಬರುವ ಮಗಳಿದ್ದಂತೆ ಎಂದು ಹೇಳಿದ ಮೇಲೆ. ಬಲೆಗೆ ಬಿದ್ದ ಮೀನನ್ನು ಬಿಡಿಸಲು ಮೀನುಗಾರರೇ ಬಲೆ ಕತ್ತರಿಸತೊಡಗಿದರು, ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ನೂರಾರು ವೇಲ್ ಶಾರ್ಕ್‌ಗಳು ಹೀಗೆ ಸಮುದ್ರಕ್ಕೆ ಮರಳಿವೆ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. "ಹಾಗಾದರೆ ಫೋಟೊ ಅಳಿಸಲೋ, ಬಿಡಲೋ?" ಎಂದರು. ಬಿಡಿ ಸಾರ್, ಕೆಳಗಿನ ಬರಹ ಬದಲಿಸಿ ಎಂದೆ. ಸಂಜೆ ಗುಂಪಿನಲ್ಲಿ ಅವರೇ ಬರೆದಿದ್ದರು: ಜಾಗ ಫ್ಯಾರೋ ದ್ವೀಪ, ಪ್ರಾಣಿ ಪೈಲಟ್ ತಿಮಿಂಗಿಲ, ತಿನ್ನಬೇಡಿ ಎಂದು ಅಲ್ಲಿನ ವೈದ್ಯರೇ 2008ರಲ್ಲಿ ಹೇಳಿದ್ದಾರೆ. ಅದರ ಕೆಳಗೆ ಯಾರೋ, ನಾಳೆ ನೀರು ಬರುತ್ತದೆಯೇ ಎಂದು ಕೇಳಿದ್ದರು.