ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ

ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನವನ್ನು ಕೇಂದ್ರಸ್ಥಾನವಾಗಿ ಉಳ್ಳ ಕರ್ನಾಟಕ ಅರಣ್ಯ ಇಲಾಖೆಯು, ರೈತರು ಸ್ವಂತ ಭೂಮಿಯಲ್ಲಿ ಮರ ಬೆಳೆಸುವಂತೆ ಪ್ರೇರೇಪಿಸಲು 2011-12ರಲ್ಲಿ ಆರಂಭಿಸಿದ ಸಹಾಯಧನ ಯೋಜನೆ. ಇಲಾಖೆಯ ಸಸ್ಯಕ್ಷೇತ್ರದಿಂದ ತೇಗ, ಶ್ರೀಗಂಧ, ಹೆಬ್ಬೇವು ಮೊದಲಾದ ಸಸಿಗಳನ್ನು ರಿಯಾಯಿತಿ ದರದಲ್ಲಿ ಕೊಂಡು, ಹೊಲದ ಬದುಗಳಲ್ಲಾಗಲಿ ಬೆಳೆಯ ನಡುವೆಯಾಗಲಿ ನೆಟ್ಟು, ಬೇಸಗೆಯ ತಾಪದಿಂದಲೂ ದನಕರುಗಳ ಬಾಯಿಂದಲೂ ಅವನ್ನು ಕಾಪಾಡಿದ ಕೃಷಿಕನಿಗೆ, ವರ್ಷಾಂತ್ಯದ ಪರಿಶೀಲನೆಯಲ್ಲಿ ಬದುಕಿರುವ ಪ್ರತಿಯೊಂದು ಸಸಿಗೂ ಪ್ರೋತ್ಸಾಹಧನ ಸಲ್ಲುತ್ತದೆ. ಆದಿಯಲ್ಲಿ ಮೂರು ವರ್ಷಗಳಿಗೆ ಒಟ್ಟು 45 ರೂಪಾಯಿಗಳಷ್ಟಿದ್ದ ಈ ಮೊತ್ತವು ಕಾಲಕ್ರಮದಲ್ಲಿ 125 ರೂಪಾಯಿಗಳಿಗೆ ಏರಿತು: ಮೊದಲನೆಯ ವರ್ಷಕ್ಕೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50. ನೆಟ್ಟುದನ್ನು ಲೆಕ್ಕಿಸದೆ ಉಳಿದುದನ್ನು ಮಾತ್ರ ಎಣಿಸುವ ಈ ನಿಯಮವೇ ಯೋಜನೆಯ ಪ್ರಧಾನ ಗುಣವೆನ್ನಬೇಕು. ಆದರೆ ನೀರಿನ ಆಸರೆಯಿಲ್ಲದ ಬಡ ಹಿಡುವಳಿದಾರನು ಮೊದಲ ಬೇಸಗೆಯ ವೆಚ್ಚವನ್ನು ತಾನೇ ಹೊರಬೇಕಾಗುತ್ತದೆ.