ನಾಲೆಗಿಂತ ಎತ್ತರದಲ್ಲಿದ್ದ ಊರು

ಮಂಡ್ಯ ಎಂದ ಕೂಡಲೇ ಕಬ್ಬು, ಭತ್ತ, ಬೆಲ್ಲ, ನಾಲೆ ನೀರು ನೆನಪಾಗುತ್ತವೆ. ದೂರದಿಂದ ನೋಡುವವರಿಗೆ ಇಡೀ ಜಿಲ್ಲೆಯೇ ಒಂದು ಹಸಿರು ಗದ್ದೆ. ಆದರೆ ಎಪ್ಪತ್ತು ವರ್ಷಗಳ ಹಿಂದೆ ಅದೇ ಮಂಡ್ಯದ ಪಕ್ಕದ ಎರಡು ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ ಈ ಚಿತ್ರವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪ್ರಾದೇಶಿಕ ಅಸಮಾನತೆಯ ಬಗ್ಗೆ ಸುದ್ದಿ ಬರೆಯುವ ನಮ್ಮಂಥವರು ಆ ಅಧ್ಯಯನವನ್ನು ಮತ್ತೆ ತೆಗೆದು ಓದಬೇಕಾಗಿದೆ.

ಅದನ್ನು ಮಾಡಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ 1954ರಲ್ಲಿ ಮೈಸೂರು ಸೀಮೆಗೆ ಬಂದು ಹಳ್ಳಿಯಲ್ಲೇ ಬಿಡಾರ ಹೂಡಿದರು. ಅದಕ್ಕೂ ಮೊದಲು, 1948ರಲ್ಲಿ, ಎಂ.ಎನ್. ಶ್ರೀನಿವಾಸ್ ಇದೇ ಹಳೇ ಮೈಸೂರಿನ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದ್ದರು. ತಮ್ಮ ಬರಹದಲ್ಲಿ ಆ ಊರನ್ನು ಅವರು ರಾಂಪುರ ಎಂದು ಕರೆದರು. ಎಪ್‌ಸ್ಟೈನ್ ಕೂಡ ಊರುಗಳ ನಿಜ ಹೆಸರನ್ನು ಮರೆಮಾಚಿ ವಂಗಲ, ದಲೇನ ಎಂಬ ಹೆಸರುಗಳನ್ನು ಬಳಸಿದರು. ಆದರೆ ಶ್ರೀನಿವಾಸ್ ಒಂದು ಊರನ್ನು ನೋಡಿದರೆ, ಎಪ್‌ಸ್ಟೈನ್ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

ಎರಡೂ ಊರುಗಳಲ್ಲಿ ಒಕ್ಕಲಿಗರೇ ಪ್ರಬಲರು. ಅದೇ ರಾಗಿ ಮುದ್ದೆ, ಅದೇ ಮಾತು, ಅದೇ ಸಂತೆ. ಮಂಡ್ಯ ಪಟ್ಟಣವೂ ಇಬ್ಬರಿಗೂ ಹತ್ತಿರವೇ. ಇಷ್ಟೆಲ್ಲ ಒಂದೇ ಆಗಿದ್ದ ಊರುಗಳ ದಾರಿ ಕವಲೊಡೆದದ್ದು ನೀರಿನಿಂದ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಕಡೆ ಹರಿಯಿತು. ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು ಅದನ್ನೇ. ಕಬ್ಬು ಬೆಳೆಯಲು ನೀರು ಸಿಕ್ಕ ಮೇಲೆ ಕಬ್ಬು ಅರೆಯಲು ಕಾರ್ಖಾನೆಯೂ ಬೇಕಾಯಿತು. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿತು. ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದಿನ ಮುಖ್ಯ ಶಕ್ತಿ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ವಂಗಲದ ಹೊಲಗಳಿಗೆ ನಾಲೆಯ ನೀರು ಬಂತು. ದಲೇನಕ್ಕೆ ಬರಲಿಲ್ಲ. ಅಲ್ಲಿನವರು ಸೋಮಾರಿಗಳೆಂದಾಗಲೀ, ಅವರಿಗೆ ರಾಜಕೀಯ ಬಲವಿಲ್ಲವೆಂದಾಗಲೀ ಅಲ್ಲ. ಅವರ ಜಮೀನು ನಾಲೆಗಿಂತ ಎತ್ತರದಲ್ಲಿತ್ತು. ನೀರು ತಗ್ಗಿಗೆ ಹರಿಯುತ್ತದೆ, ದಿಣ್ಣೆ ಹತ್ತುವುದಿಲ್ಲ, ಅಷ್ಟೇ.

ವಂಗಲದಲ್ಲಿ ಮುಂದೆ ಆದದ್ದು ಊಹಿಸಬಹುದಾದದ್ದೇ. ರಾಗಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. ಕೈಯಲ್ಲಿ ಕಾಸು ಓಡಾಡಿತು. ಆದರೆ ಬೇಸಾಯಗಾರ ಬೇಸಾಯಗಾರನಾಗಿಯೇ ಉಳಿದ. ಮೊದಲಿಗಿಂತ ಹೆಚ್ಚು ಕೆಲಸ, ಹೆಚ್ಚು ಆಳು ಬೇಕಾದ್ದರಿಂದ ತಲೆತಲಾಂತರದಿಂದ ಒಂದೊಂದು ಒಕ್ಕಲು ಮನೆಗೆ ಅಂಟಿಕೊಂಡಿದ್ದ ದಲಿತ ಕುಟುಂಬಗಳ ನಂಟು ಕಡಿಯಲಿಲ್ಲ. ನಾಲೆ ಬಂದರೂ ಊರಿನೊಳಗಿನ ಮೇಲು ಕೀಳಿನ ಕಟ್ಟು ಅಲುಗಲಿಲ್ಲ.

ದಲೇನದ ಜನ ಕೈಕಟ್ಟಿ ಕೂರಲಿಲ್ಲ. ಸುತ್ತಲಿನ ಊರುಗಳಿಗೆ ಸಿರಿ ಬಂದಿತ್ತಲ್ಲ, ಅದರಲ್ಲಿ ತಮಗೂ ಪಾಲು ಹುಡುಕಿದರು. ಕೆಲವರು ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಕೆಲವರು ಮಂಡ್ಯದ ಕಾರ್ಖಾನೆಗೆ, ಸರ್ಕಾರಿ ಕೆಲಸಗಳಿಗೆ ಸೇರಿದರು. ಇನ್ನು ಕೆಲವರು ಗಾಡಿ ಬಾಡಿಗೆ, ಗಿರಣಿ, ಗುತ್ತಿಗೆ, ವ್ಯಾಪಾರಕ್ಕೆ ಇಳಿದರು. ಸಣ್ಣ ಸಣ್ಣ ಉದ್ಯಮಗಳು ಹುಟ್ಟಿದ್ದು ನೀರಿಲ್ಲದ ಊರಿನಲ್ಲಿ. ಅದರ ಜೊತೆಗೇ ಊರಿನ ಒಳಗಿನ ಬದುಕೂ ಬದಲಾಯಿತು. ಹೊರಗೆ ದುಡಿಯುವವನಿಗೆ ವಂಶಪಾರಂಪರ್ಯದ ಆಳು ಬೇಕಿರಲಿಲ್ಲ. ಹಳೇ ಯಜಮಾನಿಕೆಗೆ ಮೊದಲಿನ ಬೆಲೆ ಉಳಿಯಲಿಲ್ಲ, ಹಣವಂತನ ಮಾತಿಗೆ ತೂಕ ಬಂತು.

1962ರಲ್ಲಿ ಪ್ರಕಟವಾದ ಎಪ್‌ಸ್ಟೈನ್ ಅವರ ಪುಸ್ತಕದ ಮುಖ್ಯ ಮಾತು ಇದು: ಹೊಸ ಆದಾಯ ಹಳೇ ಕಸುಬಿನಲ್ಲೇ ಸಿಕ್ಕರೆ ಹಳೇ ಸಮಾಜ ಹಾಗೇ ಉಳಿಯುತ್ತದೆ, ಹೊಸ ಕಸುಬು ಹಿಡಿಯಬೇಕಾಗಿ ಬಂದರೆ ಸಂಬಂಧಗಳೂ ಬದಲಾಗುತ್ತವೆ.

ಇದನ್ನು ಓದಿ "ಹಾಗಾದರೆ ನೀರಿಲ್ಲದ್ದೇ ಒಳ್ಳೆಯದಾಯಿತು" ಎನ್ನಲು ನಾವು ಸಿದ್ಧರಿಲ್ಲ. ದಲೇನದ ಜಾಣತನಕ್ಕೆ ಆಸರೆಯಾದದ್ದು ಅಕ್ಕಪಕ್ಕದ ನೀರಾವರಿ ಮತ್ತು ಹತ್ತಿರದ ಪಟ್ಟಣ. ಸುತ್ತ ಐವತ್ತು ಮೈಲಿ ಒಣಭೂಮಿಯೇ ಇರುವ ಕಡೆ ಗಾಡಿ ಬಾಡಿಗೆಗೆ ಕರೆಯುವವರು ಯಾರು? ಅಲ್ಲಿನವರಿಗೆ ಉಳಿಯುವುದು ಗುಳೆ ಹೋಗುವ ದಾರಿ.

ಹಳೇ ನಂಟು ಕಡಿದದ್ದು ಬಡವರಿಗೆ ಬಿಡುಗಡೆಯೂ ಆಯಿತು, ಪೆಟ್ಟೂ ಆಯಿತು. ಹಿಂದೆ ಆಳಿಗೂ ಕಸುಬುದಾರನಿಗೂ ಸುಗ್ಗಿಯಲ್ಲಿ ಇಷ್ಟೆಂದು ಧಾನ್ಯ ಅಳೆದು ಕೊಡುತ್ತಿದ್ದರು. ಬೆಳೆ ಚೆನ್ನಾಗಿ ಬಂದ ವರ್ಷ ಹೆಚ್ಚಿನದು ಒಡೆಯನಿಗೆ. ಆದರೆ ಬರದ ವರ್ಷ ಆಳಿನ ಹೊಟ್ಟೆಗೂ ಒಂದಿಷ್ಟು ಖಾತ್ರಿ. ಆ ವ್ಯವಸ್ಥೆಯಲ್ಲಿ ಅವಮಾನವಿತ್ತು, ಅಂಬಲಿಯೂ ಇತ್ತು. 1970ರಲ್ಲಿ ಮತ್ತೆ ಬಂದು ನೋಡಿದ ಎಪ್‌ಸ್ಟೈನ್, ಅಭಿವೃದ್ಧಿಯ ಪಾಲು ಹೆಚ್ಚಾಗಿ ಉಳ್ಳವರಿಗೇ ಸಿಕ್ಕಿದೆ, ತೀರಾ ಬಡವರು ಹಿಂದೆ ಬಿದ್ದಿದ್ದಾರೆ ಎಂದು ಬರೆದರು.

ಈಗ ಇಂದಿನ ಲೆಕ್ಕಕ್ಕೆ ಬರೋಣ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವೇ. ಕಲ್ಯಾಣ ಕರ್ನಾಟಕಕ್ಕೆ ಆಗಿರುವ ಅನ್ಯಾಯವನ್ನು ಅಂಕಿಗಳಲ್ಲಿ ತೋರಿಸಿದ್ದು ಈ ವರದಿಯ ದೊಡ್ಡ ಕೆಲಸ. ಅದಿಲ್ಲದಿದ್ದರೆ ಹಣ ಕೇಳಲು ಆಧಾರವೇ ಇರುತ್ತಿರಲಿಲ್ಲ. ಆದರೆ ತಾಲ್ಲೂಕು ಎಂದರೆ ನೂರಾರು ಹಳ್ಳಿಗಳ ಸರಾಸರಿ. ವಂಗಲ, ದಲೇನ ಆ ಲೆಕ್ಕದಲ್ಲಿ ಒಂದೇ ಊರು. ವಂಗಲದ ಗದ್ದೆಯ ಒಡೆಯ, ಅದೇ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸು ಒಂದೇ ಕುಳ. "ಮುಂದುವರಿದ ತಾಲ್ಲೂಕು" ಎಂಬ ಪಟ್ಟ ಸಿಕ್ಕ ಕಡೆ ನಾಲೆಯ ಮೇಲಿನ ದಿಣ್ಣೆ ಊರಿನ ಅರ್ಜಿ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ.

ನಮಗೆ ಎರಡೂ ಬಗೆಯ ಅಧ್ಯಯನ ಬೇಕು: ರಾಜ್ಯದ ಹಣ ಎತ್ತ ಹೋಗಬೇಕೆಂದು ತೋರಿಸುವ ಸಮಿತಿಯ ಕೋಷ್ಟಕ, ಬಂದ ಹಣ ಊರಿನಲ್ಲಿ ಯಾರ ಕೈ ಸೇರಿತೆಂದು ಕೂತು ನೋಡುವ ಸಂಶೋಧಕಿಯ ಟಿಪ್ಪಣಿ. ಮೊದಲನೆಯದು ಆಗಾಗ ಬರುತ್ತದೆ. ಎರಡನೆಯದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ಅಂಥ ಬರಹಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ, ಯಾರ ಬದುಕಿನ ಬಗ್ಗೆ ಬರೆದರೋ ಅವರ ಮನೆಗೆ ತಲುಪುವುದೂ ಕಡಿಮೆ. ಈ ಕೊರತೆಯನ್ನು ಅಷ್ಟಿಷ್ಟಾದರೂ ತುಂಬುವ ಕೆಲಸ ಜಿಲ್ಲೆಗಳಲ್ಲಿ ಸುದ್ದಿ ಬರೆಯುವವರದ್ದು. ನೀರಾವರಿ ಯೋಜನೆಯ ಸುದ್ದಿ ಬಂದಾಗ ಎಷ್ಟು ಕೋಟಿ, ಎಷ್ಟು ಎಕರೆ ಎಂದು ಕೇಳುತ್ತೇವೆ. ನಾಲೆಗಿಂತ ಎತ್ತರದಲ್ಲಿ ಎಷ್ಟು ಊರುಗಳಿವೆ, ಗದ್ದೆಯಲ್ಲಿ ಕೂಲಿ ಮಾಡುವವರಿಗೆ ಏನು ಸಿಗುತ್ತದೆ ಎಂಬ ಇನ್ನೆರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳೋಣ.