ಕಡಲಿಗೊಂದು ತೆಂಗಿನಕಾಯಿ

ದಶಕಗಳಿಂದ ಮುಂಬಯಿಯಲ್ಲಿರುವ ನಮಗೆ ಈ ಊರೆಂದರೆ ಲೋಕಲ್ ಟ್ರೈನು, ಆಫೀಸು, ಕನ್ನಡ ಸಂಘ. ಆದರೆ ಊರಿಗೆ ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿ ಮೀನುಗಾರರಾದ ಕೋಳಿಗಳ (ನಮ್ಮ ಹುಂಜ-ಹೇಂಟೆಯಲ್ಲ ಮಾರಾಯ್ರೆ!) ದೇವತೆ ಮುಂಬಾದೇವಿಯಿಂದ.

ಹತ್ತಿ ವ್ಯಾಪಾರಕ್ಕೆಂದು 1875ರಲ್ಲಿ ಕಟ್ಟಿದ ಕೊಲಾಬಾದ ಸಸೂನ್ ಡಾಕ್‌ನಲ್ಲಿ ಇಂದು ಬೆಳಗಿನ ಜಾವ ಮೀನಿನ ಹರಾಜು. ವರ್ಸೋವಾದಲ್ಲಿ ಬಿದಿರ ಗಳಗಳ ಮೇಲೆ ಬೊಂಬಿಲ್ ಒಣಗುತ್ತದೆ.

ಮಳೆಗಾಲದಲ್ಲಿ ದೋಣಿಗಳೆಲ್ಲ ದಡದಲ್ಲಿ. ಶ್ರಾವಣದ ನಾರಳಿ ಪೂರ್ಣಿಮೆಯಂದು ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಬಲೆ ಎತ್ತುತ್ತಾರೆ. ಅದೇ ಹುಣ್ಣಿಮೆಗೆ ನಮ್ಮ ಕರಾವಳಿಯ ಮೊಗವೀರರೂ ಕಡಲಿಗೆ ಹಾಲೆರೆದು ಸಮುದ್ರಪೂಜೆ ಮಾಡುತ್ತಾರೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ಮೊಗವೀರರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಭಾಷೆ ಬೇರೆ, ಕಡಲು ಒಂದೇ.

ಈಚೆಗೆ ವರ್ಲಿಯಲ್ಲಿ ಕೋಸ್ಟಲ್ ರೋಡ್ ಬಂತು. ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರವಿಟ್ಟರೆ ಅಲೆಗೆ ದೋಣಿ ಕಂಬಕ್ಕೆ ಬಡಿದೀತೆಂದು ವರ್ಲಿ ಕೋಳಿವಾಡದವರು ಪಟ್ಟು ಹಿಡಿದರು. ಅವರು ಕೇಳಿದ್ದು ಇನ್ನೂ ಹೆಚ್ಚು. ಕೊನೆಗೆ, 2022ರ ಡಿಸೆಂಬರ್‌ನಲ್ಲಿ, ಸರಕಾರ 120 ಮೀಟರಿಗೆ ಒಪ್ಪಿತು.

ನಾವೆಲ್ಲ ಆಮೇಲೆ ಬಂದವರು, ನಮಗೆ ಈ ಊರು ಜಾಗ ಕೊಟ್ಟಿತು. ಊರಿಗೆ ಹೆಸರು ಕೊಟ್ಟವರೇ ತಮ್ಮ ಕಡಲಿಗೆ ಇಳಿಯಲು ದಾರಿ ಕೇಳಬೇಕಾಯಿತಲ್ಲ!